ಹಮಾಲರ ಹೆಸರಿನ ಪಾನೀಯ

ಕನ್ನಡದ ಅಧ್ಯಾಪಕನೊಬ್ಬ ಬಿಯರಿನ ರುಚಿಯನ್ನು ಕುರಿತು ಮಾತನಾಡುತ್ತಾನೆಂದರೆ ಕೇಳುಗರಲ್ಲಿ ಕೆಲವರು ಹುಬ್ಬೇರಿಸಬಹುದು, ಕೆಲವರು ನಗಬಹುದು. ಎರಡಕ್ಕೂ ಕಾರಣವುಂಟು. ಮೂವತ್ತನಾಲ್ಕು ವರ್ಷ ನಾನು ಎಂ.ಎ. ತರಗತಿಗಳಿಗೆ ಕಾವ್ಯಮೀಮಾಂಸೆಯ ಪಾಠ ಹೇಳಿದವನು. ರಸವೆಂದರೇನು ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಮ್ಮ ಆಲಂಕಾರಿಕರು ಕೊಟ್ಟಿರುವ ಪಾನಕದ ಉಪಮೆಯನ್ನೇ ನಾನೂ ಕೊಡುತ್ತಿದ್ದೆ. ಬೆಲ್ಲ, ಮೆಣಸು, ಏಲಕ್ಕಿ, ಹುಳಿ ಇವು ಬಿಡಿಬಿಡಿಯಾಗಿ ಒಂದೊಂದು ರುಚಿ. ಕೂಡಿದಾಗ ಇವುಗಳಲ್ಲಿ ಯಾವುದೊಂದೂ ಅಲ್ಲದ, ಆದರೆ ಎಲ್ಲವನ್ನೂ ಒಳಗೊಂಡ ಹೊಸದೊಂದು ರುಚಿ. ಅದನ್ನು ಸವಿಯಬಲ್ಲವನೇ ಸಹೃದಯ. ಉಪಮೆಯೇನೋ ಸದಾ ನನ್ನ ನಾಲಗೆಯ ಮೇಲಿತ್ತು. ಆದರೆ ಪಾನಕವನ್ನಾಗಲಿ ಮತ್ತೊಂದನ್ನಾಗಲಿ ಅಷ್ಟು ಗಮನವಿಟ್ಟು ನಾನು ಸವಿದಿದ್ದೆನೆ? ಇಲ್ಲವೆಂಬುದು ನಿವೃತ್ತನಾದ ಮೇಲೆ, ಲಂಡನ್ನಿನಲ್ಲಿ ಮಗಳ ಮನೆಗೆ ಹೋಗಿದ್ದಾಗ ತಿಳಿಯಿತು.

ಅಲ್ಲಿ ಒಂದು ಚಳಿಗಾಲದ ಸಂಜೆ ನನ್ನ ಅಳಿಯ ಸಣ್ಣದೊಂದು ಗಾಜಿನ ಲೋಟದಲ್ಲಿ ಕಪ್ಪನೆಯ ಬಿಯರನ್ನು ನಾಲ್ಕು ಬೆರಳಿನಷ್ಟು ಸುರಿದು ಮುಂದಿಟ್ಟ. “ಮಾವ, ಇದನ್ನು ನೀವು ಕುಡಿಯಬೇಕಾಗಿಲ್ಲ, ರುಚಿ ನೋಡಿ ಸಾಕು. ಇದರ ಹೆಸರು ಪೋರ್ಟರ್” ಎಂದ. ಅದುವರೆಗೆ ನಾನು ಮದ್ಯವನ್ನು ಮುಟ್ಟಿದವನಲ್ಲ. ಹಿಂಜರಿದೆ. ಹಿಂಜರಿಕೆಗೆ ಮನೆಯ ಆಚಾರವೊಂದೇ ಕಾರಣವಾಗಿರಲಿಲ್ಲ. ಆ ಹೆಸರೂ ಕಾರಣವಾಗಿತ್ತು.

ಪೋರ್ಟರ್ ಎಂದರೆ ಹೊರೆ ಹೊರುವವನು, ನಮ್ಮ ಮಾತಿನಲ್ಲಿ ಹಮಾಲ. ನಾನು ಬಾಲ್ಯವನ್ನು ಕಳೆದದ್ದು ತಿಪಟೂರಿನಲ್ಲಿ. ಕೊಬ್ಬರಿಯ ಮಂಡಿಗಳಲ್ಲಿ ಬೆಳಗಿನಿಂದ ಮೂಟೆ ಹೊತ್ತ ಹಮಾಲರು ಸಂಜೆ ಸಾರಾಯಿ ಅಂಗಡಿಯ ಕಡೆಗೆ ನಡೆಯುತ್ತಿದ್ದರು. ಅವರು ಎದುರಾದರೆ ಮಕ್ಕಳಾದ ನಾವು ರಸ್ತೆಯ ಆಚೆಗೆ ಸರಿಯಬೇಕೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು. ನಾವು ಸರಿಯುತ್ತಿದ್ದೆವು, ಮೂಗು ಮುಚ್ಚಿಕೊಂಡು ನಗುತ್ತಲೂ ಇದ್ದೆವು. ಲೋಟದ ಮುಂದೆ ಕುಳಿತಾಗ ನನಗೆ ನೆನಪಾದದ್ದು ಆ ನಗು.

ಲಂಡನ್ನಿನ ಹಮಾಲರ ಕಥೆಯನ್ನು ಆಮೇಲೆ ಓದಿ ತಿಳಿದೆ. ೧೮ನೆಯ ಶತಮಾನದಲ್ಲಿ ಥೇಮ್ಸ್ ನದಿಗೆ ಬಂದ ಹಡಗುಗಳಿಂದ ಕಲ್ಲಿದ್ದಲು, ಧಾನ್ಯ, ಉಪ್ಪು, ಮೀನುಗಳನ್ನು ಬೆನ್ನಮೇಲೆ ಹೊತ್ತು ಇಳಿಸುವವರು ಈ ಹಮಾಲರೇ. ಅವರಿಗೆ ಸಂಘಗಳಿದ್ದವು, ಬಿಲ್ಲೆಗಳಿದ್ದವು. ಮೈ ಮುರಿದು ದುಡಿದವರು ಹಸಿವಿಗೂ ಬಾಯಾರಿಕೆಗೂ ಆಶ್ರಯಿಸಿದ ಅಗ್ಗದ ಕಂದು ಬಿಯರಿಗೆ ಅವರ ಹೆಸರೇ ಅಂಟಿಕೊಂಡಿತು. ೧೭೨೨ರಲ್ಲಿ ಹಾರ್‌ವುಡ್ ಎಂಬಾತ ಇದನ್ನು ಕಂಡುಹಿಡಿದನೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಆದರೆ ೧೭೨೧ರಲ್ಲೇ ಈ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡಿದೆ. ಇದು ಒಬ್ಬನ ಸೃಷ್ಟಿಯಲ್ಲ. ಊರಿನ ಬಾಯಿರುಚಿ ಮೆಲ್ಲಮೆಲ್ಲನೆ ರೂಪಿಸಿಕೊಂಡದ್ದು. ಪಿಕಡಿಲಿ ರಸ್ತೆಯ ಬದಿಯಲ್ಲಿ ಹಮಾಲರು ಹೊರೆಯನ್ನು ಒರಗಿಸಿ ದಣಿವಾರಿಸಿಕೊಳ್ಳಲೆಂದು ೧೮೬೧ರಲ್ಲಿ ನಿಲ್ಲಿಸಿದ ಎತ್ತರದ ಹಲಗೆಯೊಂದುಂಟು. ಈಗಿರುವುದು ಅದರ ಪ್ರತಿಕೃತಿ. ಅದನ್ನು ಕಂಡಾಗ ನಮ್ಮ ಹಳೆಯ ದಾರಿಗಳ ಹೊರೆಗಲ್ಲುಗಳು ಕಣ್ಣಮುಂದೆ ಬಂದವು.

ಇನ್ನು ಇದನ್ನು ಮಾಡುವ ಬಗೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಬಾರ್ಲಿಗೂ ಇದೇ ಸಂಸ್ಕಾರ ನಡೆಯುತ್ತದೆ. ಹಾಗೆ ಮೊಳೆತು ಒಣಗಿದ ಕಾಳೇ ಮಾಲ್ಟ್. ಮೊಳಕೆಯೊಡೆಯುವಾಗ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟುತ್ತವೆ. ಅದನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿಯಾದ ರಸ ಇಳಿಯುತ್ತದೆ. ಆ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸುತ್ತಾರೆ. ಹೂವು ಕಹಿಯನ್ನೂ ಕಂಪನ್ನೂ ಕೊಡುತ್ತದೆ, ಬೇಗ ಕೆಡದಂತೆಯೂ ಕಾಯುತ್ತದೆ. ತಣಿದ ಮೇಲೆ ಯೀಸ್ಟ್ ಬೆರೆಸಿದರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಗುಳ್ಳೆಗಳನ್ನೂ ಬಿಡುತ್ತದೆ.

ಪೋರ್ಟರಿನ ವೈಶಿಷ್ಟ್ಯವಿರುವುದು ಬೆಂಕಿಯಲ್ಲಿ. ಮೊದಮೊದಲು ಸೌದೆಯ ಉರಿಯಲ್ಲಿ ಕಂದಾಗುವವರೆಗೆ ಒಣಗಿಸಿದ ಮಾಲ್ಟನ್ನೇ ಇದಕ್ಕೆ ಬಳಸುತ್ತಿದ್ದರು. ೧೮ನೆಯ ಶತಮಾನದ ಕೊನೆಯ ಭಾಗದಲ್ಲಿ ರಸದ ಸಾಂದ್ರತೆಯನ್ನು ಅಳೆಯುವ ಉಪಕರಣ ಬಂದಾಗ, ಕಂದು ಮಾಲ್ಟಿಗಿಂತ ಬಿಳಿಚು ಮಾಲ್ಟ್ ಹೆಚ್ಚು ಸಕ್ಕರೆಯನ್ನು ಬಿಡುತ್ತದೆಂದು ತಯಾರಕರಿಗೆ ತಿಳಿಯಿತು. ಬಿಳಿಚು ಮಾಲ್ಟಿಗೆ ತಿರುಗಿದರು. ಹಣ ಉಳಿಯಿತು, ಬಣ್ಣ ಹೋಯಿತು. ಬಣ್ಣಕ್ಕಾಗಿ ಬೇರೆ ವಸ್ತುಗಳನ್ನು ಬೆರೆಸುವುದನ್ನು ೧೮೧೬ರ ಕಾನೂನು ನಿಷೇಧಿಸಿತು. ಮರುವರ್ಷ, ೧೮೧೭ರಲ್ಲಿ, ಡೇನಿಯಲ್ ವೀಲರ್ ಎಂಬಾತ ಕಾಫಿ ಬೀಜವನ್ನು ಹುರಿಯುವ ಉರುಳೆಯಂತಹ ಯಂತ್ರದಲ್ಲಿ ಮಾಲ್ಟನ್ನು ಕಪ್ಪಾಗುವವರೆಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಂತಹ ಕಪ್ಪು ಮಾಲ್ಟ್ ಒಂದು ಹಿಡಿಯಿದ್ದರೆ ದೊಡ್ಡ ಪಾತ್ರೆಯ ರಸವೇ ಬಣ್ಣಗೂಡುತ್ತದೆ. ಪೋರ್ಟರಿನ ಇಂದಿನ ಬಣ್ಣಕ್ಕೆ ಮೂಲ ಇದು.

ಬೆಂಕಿಯಂತೆಯೇ ಕಾಲವೂ ಇದರಲ್ಲಿ ಕೆಲಸ ಮಾಡುತ್ತಿತ್ತು. ಮರದ ಮಹಾಪೀಪಾಯಿಗಳಲ್ಲಿ ಇದನ್ನು ತಿಂಗಳುಗಟ್ಟಲೆ ಇಟ್ಟು ಹಣ್ಣಾಗಿಸುತ್ತಿದ್ದರು. ಆಗ ಒದಗುತ್ತಿದ್ದ ವಿಚಿತ್ರವಾದ ಕಂಪಿನ ಗುಟ್ಟನ್ನು ೧೯೦೪ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಬಿಡಿಸಿದರು. ಅದು ಮತ್ತೊಂದು ಜಾತಿಯ ಯೀಸ್ಟಿನ ಕೆಲಸ. ಅದಕ್ಕೆ ಅವರಿಟ್ಟ ಬ್ರೆಟನೊಮೈಸಿಸ್ ಎಂಬ ಹೆಸರಿಗೆ ಬ್ರಿಟಿಷ್ ಶಿಲೀಂಧ್ರವೆಂದೇ ಅರ್ಥ. ಸ್ಟೌಟ್ ಎಂಬ ಬಿಯರೂ ಪೋರ್ಟರಿನ ಸಂತಾನವೇ. ಕಸುವು ಹೆಚ್ಚಿದ ಪೋರ್ಟರನ್ನು ಮೊದಲು ಸ್ಟೌಟ್ ಪೋರ್ಟರ್ ಎನ್ನುತ್ತಿದ್ದರು.

ಈಗ ಲೋಟಕ್ಕೆ ಬರೋಣ. ಅಳಿಯ ನನ್ನ ಮುಂದಿಟ್ಟದ್ದು ಲಂಡನ್ನಿನ ಚಿಸಿಕ್‌ನಲ್ಲಿ ಫುಲ್ಲರ್ಸ್‌ನವರು ೧೯೯೬ರಿಂದ ತಯಾರಿಸುತ್ತಿರುವ ಲಂಡನ್ ಪೋರ್ಟರ್. ಆ ಬ್ರೂವರಿ ೨೦೧೯ರಿಂದ ಜಪಾನಿನ ಅಸಾಹಿ ಸಂಸ್ಥೆಗೆ ಸೇರಿದೆ. ಇದರಲ್ಲಿ ಮದ್ಯಸಾರ ನೂರಕ್ಕೆ ೫.೪ ಪಾಲು. ಮೊದಲನೆಯ ನಿಯಮ: ಇದು ಮಂಜಿನಂತೆ ಕೊರೆಯಬಾರದು. ಅತಿ ತಂಪು ನಾಲಗೆಯನ್ನು ಮರಗಟ್ಟಿಸುತ್ತದೆ, ಕಂಪನ್ನು ಏಳಗೊಡುವುದಿಲ್ಲ. ಹತ್ತರಿಂದ ಹದಿಮೂರು ಡಿಗ್ರಿಯ ತಂಪು ಸಾಕು.

ಮೊದಲು ಕಣ್ಣು. ಕಪ್ಪು ಎಂದೆನಲ್ಲ, ಅದು ಮೇಲುನೋಟದ ಮಾತು. ಲೋಟವನ್ನು ದೀಪಕ್ಕೆ ಹಿಡಿದಾಗ ಅಂಚಿನಲ್ಲಿ ಮಾಣಿಕ್ಯದ ಕೆಂಪು ಹೊಳೆಯಿತು. ನೊರೆಯೂ ಬಿಳಿಯಲ್ಲ, ಹಾಲು ಬೆರೆತ ಕಾಫಿಯ ಬಣ್ಣ. ಎರಡನೆಯದು ಮೂಗು. ಲೋಟವನ್ನು ಮೆಲ್ಲನೆ ತಿರುಗಿಸಿ ಸಣ್ಣ ಸಣ್ಣ ಉಸಿರುಗಳಲ್ಲಿ ಮೂಸಬೇಕು. ಆಗ ತಾನೆ ಹುರಿದಿಳಿಸಿದ ಕಾಫಿ, ತುಸು ಸೀದ ಬೆಲ್ಲದ ಪಾಕ, ಬ್ರೆಡ್ಡಿನ ಹೊರಸಿಪ್ಪೆ ಒಂದೊಂದಾಗಿ ನೆನಪಿಗೆ ಬಂದವು. ಹೆಸರಿಡುವವರೆಗೆ ಇವೆಲ್ಲ ಒಂದೇ ವಾಸನೆಯಾಗಿದ್ದವು, ಹೆಸರಿಟ್ಟೊಡನೆ ಬೇರೆಬೇರೆಯಾದವು.

ಮೂರನೆಯದು ನಾಲಗೆ. ಒಂದು ಗುಟುಕನ್ನು ಬಾಯಿಯ ತುಂಬ ಹರಡಿ ಕ್ಷಣಕಾಲ ತಡೆಯಬೇಕು. ಮುಂದಾಗಿ ಬಂದದ್ದು ಮಾಲ್ಟಿನ ಸಿಹಿ. ಅದರ ಬೆನ್ನಿಗೆ ಹುರಿದ ಕಾಳಿನ ಕಹಿ. ಅನಂತರ ಹಾಪ್ಸಿನ ಬೇರೊಂದು ಕಹಿ, ಸೊಪ್ಪಿನದು, ಮಣ್ಣಿನದು. ಕಹಿಯಲ್ಲಿ ಎರಡು ಕಹಿಗಳಿರಬಲ್ಲವೆಂದು ನಾನು ಎಂದೂ ಯೋಚಿಸಿರಲಿಲ್ಲ. ಚಾಕೊಲೇಟಿನ ನೆನಪೂ ಬಂದಿತು, ಆದರೆ ಇದರಲ್ಲಿ ಚಾಕೊಲೇಟ್ ಇಲ್ಲ. ಗಾಢವಾಗಿ ಹುರಿದ ಒಂದು ಬಗೆಯ ಮಾಲ್ಟಿಗೆ ಬಣ್ಣದಿಂದಾಗಿ ಆ ಹೆಸರು. ಕೊನೆಯದಾಗಿ, ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು. ನಾಲಗೆ ತಾನಾಗಿ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮೊದಲಾದ ಕೆಲವನ್ನು ಮಾತ್ರ. ನಾವು ರುಚಿಯೆನ್ನುವುದರ ಬಹುಭಾಗ ಗಂಟಲಿನ ಹಿಂದಿನಿಂದ ಮೂಗಿಗೇರುವ ಕಂಪೇ ಆಗಿದೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಇದರಿಂದಲೇ.

ಹೀಗೆ ಬಿಡಿಸಿ ನೋಡಿದ ಮೇಲೆ ಇನ್ನೊಂದು ಗುಟುಕನ್ನು, ಏನನ್ನೂ ಬಿಡಿಸದೆ, ಸುಮ್ಮನೆ ಸವಿದೆ. ಬಿಡಿಯಾಗಿ ಗುರುತಿಸಿದ್ದೆಲ್ಲವೂ ಒಂದರೊಳಗೊಂದು ಕರಗಿ ಒಂದೇ ಆಗಿತ್ತು. ನಾನು ಮೂವತ್ತನಾಲ್ಕು ವರ್ಷ ಹೇಳಿದ ಪಾನಕದ ಪಾಠ ನನಗೇ ಅರ್ಥವಾದದ್ದು ಆಗ. ಲೋಟದಲ್ಲಿ ಅರ್ಧ ಉಳಿದಿತ್ತು, ಉಳಿದೇ ಇತ್ತು. ಸವಿಯುವವನಿಗೆ ಸ್ವಲ್ಪ ಸಾಕು. ಮೈಮರೆಯಲು ಕುಡಿಯುವವನಿಗೆ ಎಷ್ಟಿದ್ದರೂ ರುಚಿ ಸಿಗದು.

ಆದರೆ ಮೈಮರೆಯಲು ಕುಡಿಯುವವನನ್ನು ಹೀಗಳೆಯುವ ಮುನ್ನ ಒಂದು ಘಟನೆಯನ್ನು ಹೇಳಬೇಕು. ೧೮೧೪ರ ಅಕ್ಟೋಬರ್ ೧೭ರಂದು ಲಂಡನ್ನಿನ ಟಾಟೆನ್‌ಹ್ಯಾಮ್ ಕೋರ್ಟ್ ರಸ್ತೆಯ ಬಳಿಯ ಬ್ರೂವರಿಯೊಂದರಲ್ಲಿ ೨೨ ಅಡಿ ಎತ್ತರದ ಪೀಪಾಯಿ ಒಡೆಯಿತು. ಲಕ್ಷ ಗ್ಯಾಲನ್ನಿಗೂ ಮಿಕ್ಕಿದ ಪೋರ್ಟರ್ ಗೋಡೆಯನ್ನು ಕೆಡವಿ ಹಿಂದಿನ ಬಡವರ ಕೇರಿಗೆ ನುಗ್ಗಿತು. ಎಂಟು ಜನ ಸತ್ತರು. ಎಲ್ಲರೂ ಹೆಂಗಸರು, ಮಕ್ಕಳು. ಅವರಲ್ಲಿ ಐವರು, ತೀರಿಕೊಂಡ ಎರಡು ವರ್ಷದ ಮಗುವೊಂದರ ಶವದ ಸುತ್ತ ನೆಲಮನೆಯಲ್ಲಿ ಸೇರಿದ್ದವರು. ಇದು ಆಕಸ್ಮಿಕವೆಂದು ತೀರ್ಪಾಯಿತು. ನಷ್ಟವಾದ ಬಿಯರಿನ ಮೇಲೆ ಕಟ್ಟಿದ್ದ ಸುಂಕ ಮಾಲಿಕರಿಗೆ ಹಿಂದಿರುಗಿತು. ಮುಂದಿನವರು ಈ ಘಟನೆಗೆ ಬಾಲವೊಂದನ್ನು ಕಟ್ಟಿದರು: ಕೇರಿಯ ಜನ ಮಡಕೆ ಕುಡಿಕೆಗಳೊಡನೆ ಓಡಿಬಂದು ಹರಿಯುವ ಬಿಯರನ್ನು ಬಾಚಿ ಕುಡಿದರಂತೆ, ಕುಡಿದು ಸತ್ತರಂತೆ. ಅಂದಿನ ಪತ್ರಿಕೆಗಳಲ್ಲಿ ಇಂತಹ ಸುದ್ದಿಯೇ ಇಲ್ಲವೆಂದು ಇತಿಹಾಸಕಾರರು ತೋರಿಸಿದ್ದಾರೆ. ಬಡವರು ಸತ್ತ ಕಥೆಗಿಂತ ಬಡವರು ಕುಡಿದ ಕಥೆ ಹೇಳುವವರಿಗೆ ಹೆಚ್ಚು ರುಚಿಸಿರಬೇಕು.

೨೦ನೆಯ ಶತಮಾನದ ನಡುವಿನ ಹೊತ್ತಿಗೆ ಪೋರ್ಟರ್ ಲಂಡನ್ನಿನಿಂದ ಮರೆಯಾಯಿತು. ಜನರ ಒಲವು ಬೇರೆ ಬಿಯರುಗಳ ಕಡೆಗೆ ಹೊರಳಿತು. ಯುದ್ಧಕಾಲದ ಧಾನ್ಯದ ಕಟ್ಟುಪಾಡುಗಳು ಉಳಿದುದನ್ನೂ ಮುಗಿಸಿದವು. ೧೯೭೦ರ ದಶಕದ ಕೊನೆಯಿಂದ ಕೆಲವು ಬ್ರೂವರಿಗಳು ಇದನ್ನು ಮತ್ತೆ ಹುಟ್ಟಿಸಿದವು. ಪಾನೀಯ ಮರಳಿ ಬಂದಿತು, ಹಮಾಲರು ಮರಳಲಿಲ್ಲ. ಇಂದು ಇದನ್ನು ಸವಿದು ವರ್ಣಿಸುವವರಲ್ಲಿ ಹೊರೆ ಹೊತ್ತವರು ಅಪರೂಪ.

ಕುಡಿತವನ್ನು ನಾನು ಸಮರ್ಥಿಸುತ್ತಿಲ್ಲ. ತಿಪಟೂರಿನ ಸಾರಾಯಿ ಅಂಗಡಿಯ ಮುಂದೆ ಬಟವಾಡೆಯ ಸಂಜೆ ಗಂಡಂದಿರಿಗಾಗಿ ಕಾದು ನಿಂತ ಹೆಂಗಸರನ್ನು ನಾನು ಕಂಡಿದ್ದೇನೆ. ೨೦೦೭ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಮನೆಯಲ್ಲಿ ನನ್ನ ಪಾನೀಯ ಇಂದಿಗೂ ಕಾಫಿಯೇ. ಆದರೆ ಕಾಫಿ ಬೀಜವನ್ನು ಹುರಿಯುವ ವಾಸನೆ ಬಂದಾಗ ಈಗ ಕೆಲವೊಮ್ಮೆ ಮಂಡಿಯ ಆ ಬೀದಿ ಕಣ್ಣಿಗೆ ಕಟ್ಟುತ್ತದೆ. ದಿನಕ್ಕೆ ಎಷ್ಟು ಮೂಟೆ ಹೊರುತ್ತೀರಿ, ಊಟ ಯಾವಾಗ ಎಂದು ಆ ಜನರನ್ನು ನಾವಾಗಲಿ ನಮ್ಮ ಹಿರಿಯರಾಗಲಿ ಒಮ್ಮೆಯೂ ಕೇಳಲಿಲ್ಲವಲ್ಲ ಎನಿಸುತ್ತದೆ.