ಎಲ್ಮ್ ಗ್ರಾಮದ ಗಿರಿಪಾತ: ಒಂದು ಕಾರಣವಿಚಾರ

ಪ್ರಕೃತಿಯು ತನ್ನ ಸ್ವಭಾವವನ್ನು ಬಿಟ್ಟು ವರ್ತಿಸುವುದೇ ಉತ್ಪಾತವೆಂದು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಲಕ್ಷಣವನ್ನು ಹೇಳಿ, ಅದರ ಮೂಲವನ್ನು ಮನುಷ್ಯರ ಅಪಚಾರದಲ್ಲಿ ಕಾಣಿಸಿದ್ದಾನೆ. ಈ ಅಪಚಾರವೆಂಬುದಕ್ಕೆ ಧರ್ಮಲೋಪವೆಂದು ಅರ್ಥಮಾಡುವುದು ರೂಢಿ. ಆದರೆ ಆ ಮಾತು ಅಕ್ಷರಶಃ ಸಲ್ಲುವಂತಹ, ಅಳತೆಗೋಲಿನಿಂದ ಅಳೆಯಬಹುದಾದಂತಹ ಅಪಚಾರದ ದೃಷ್ಟಾಂತವೊಂದು ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ದೊರೆಯುತ್ತದೆ.

ಸ್ವಿಟ್ಸರ್ಲೆಂಡಿನ ಗ್ಲಾರಸ್ ಪ್ರಾಂತದಲ್ಲಿ, ಸೆರ್ನ್ಫ್ ಎಂಬ ನದಿಯ ಕಣಿವೆಯ ಮೇಲ್ತುದಿಯಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 1000 ಮೀಟರ್ ಎತ್ತರದಲ್ಲಿ ಎಲ್ಮ್ ಗ್ರಾಮವಿರುವುದು. ಗೋಸಂಪತ್ತೇ ಪೂರ್ವದಿಂದ ಅಲ್ಲಿನವರ ಜೀವನಾಧಾರ. 1799ರ ಅಕ್ಟೋಬರ್ ತಿಂಗಳಲ್ಲಿ ರಷ್ಯಾದ ಸೇನಾಪತಿ ಸುವೋರೊವನು ಫ್ರೆಂಚರಿಂದ ಪಾರಾಗಿ ಹಿಮದ ಕಣಿವೆದಾರಿಯನ್ನು ಹತ್ತುವ ಮುನ್ನ ಇಲ್ಲಿ ತಂಗಿದ್ದುದನ್ನು ಬಿಟ್ಟರೆ, ಗ್ರಾಮವು ಚರಿತ್ರೆಯಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿರಲಿಲ್ಲ. ಬೆಟ್ಟದ ಶಿಖರಸಾಲಿನಲ್ಲಿ ಮಾರ್ಟಿನ್ಸ್‌ಲೋಖ್ ಎಂಬ ಸಹಜವಾದ ರಂಧ್ರವೊಂದುಂಟು. ಅದರ ಮೂಲಕ ಸೂರ್ಯಕಿರಣವು ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಹಳ್ಳಿಯ ಇಗರ್ಜಿಯ ಗೋಪುರದ ಮೇಲೆ ಬೀಳುವುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಾದ್ಯಂತ ಶಾಲೆಗಳು ಬೆಳೆದುವು. ಸ್ವಿಟ್ಸರ್ಲೆಂಡಿನ 1874ರ ರಾಜ್ಯಾಂಗವು ಪ್ರಾಥಮಿಕ ವಿದ್ಯೆಯನ್ನು ಕಡ್ಡಾಯವಾಗಿಯೂ ಉಚಿತವಾಗಿಯೂ ಮಾಡಿತು. ಮಕ್ಕಳು ಬಳಪದಿಂದ ಬರೆದು ಅಳಿಸುವ ಸ್ಲೇಟು ಹಲಗೆಗೆ ಬೇಡಿಕೆ ಹೆಚ್ಚಿತು. ಎಲ್ಮಿನ ಪಕ್ಕದ ಚಿಂಗೆಲ್ ಬೆಟ್ಟದ ಬುಡದಲ್ಲಿ ಅಂತಹ ಕಲ್ಲಿನ ಪದರಗಳಿದ್ದುವು. 1860ರ ದಶಕದಲ್ಲಿ ಅಲ್ಲಿ ಗಣಿಯನ್ನು ತೆರೆದರು. ಮೇಲಿನ ಭಾರವನ್ನು ಹೊರಲು ತಕ್ಕಷ್ಟು ಕಂಬಗಳನ್ನು ಬಿಡದೆ, ಸಿಡಿಮದ್ದಿನಿಂದ ಕಲ್ಲನ್ನು ಒಡೆದು ತೆಗೆದುದರಿಂದ, 1881ರ ವೇಳೆಗೆ ಬೆಟ್ಟದ ಬುಡದಲ್ಲಿ ಸುಮಾರು 180 ಮೀಟರ್ ಅಗಲದ, 65 ಮೀಟರಿನವರೆಗೆ ಒಳಹೊಕ್ಕ ಕೊರೆಯುಂಟಾಗಿತ್ತು. ವಿದ್ಯೆಗಾಗಿ ತೆಗೆದ ಕಲ್ಲೇ ಇದು ಎಂಬುದನ್ನು ಉಪಾಧ್ಯಾಯರಾದವರು ಗಮನಿಸದಿರಲಾರರು.

ಬೆಟ್ಟವು ಸುಮ್ಮನೆ ಇರಲಿಲ್ಲ. ಗಣಿಯ ಮೇಲ್ಗಡೆ ವರ್ಷಗಳಿಂದಲೇ ಬಿರುಕುಗಳು ಕಾಣಿಸಿಕೊಂಡು ಅಗಲವಾಗುತ್ತಿದ್ದುವು. ಬೇಸಗೆಯ ಕೊನೆಯ ಮಳೆ ಅವುಗಳೊಳಗೆ ಇಳಿಯಿತು. ಕಲ್ಲುಗಳು ಉರುಳತೊಡಗಿ ಗಣಿಯ ಕೆಲಸ ನಿಂತಿತು. ಸ್ಥಳಪರೀಕ್ಷೆಗೆ ಬಂದವರು ಅಪಾಯವಿರುವುದನ್ನು ಒಪ್ಪಿದರು. ಅದು ಅಷ್ಟು ಸಮೀಪದಲ್ಲಿದೆಯೆಂದು ಮಾತ್ರ ತಿಳಿಯಲಿಲ್ಲ. ಬೆಟ್ಟವನ್ನೇ ನಂಬಿ ಬದುಕುವ ಜನರಿಗೆ ಅದು ಬೀಳುವುದೆಂಬ ನಂಬಿಕೆ ಬರುವುದು ಕಷ್ಟ.

1881ರ ಸೆಪ್ಟೆಂಬರ್ 11, ಭಾನುವಾರ. ಸಂಜೆ ಐದು ಗಂಟೆ ಕಳೆದ ಮೇಲೆ ಬೆಟ್ಟದ ಪೂರ್ವಭಾಗವು ಜಾರಿ ಬಿತ್ತು. ಜನರು ಮನೆಯ ಸಾಮಾನುಗಳನ್ನು ಸಾಗಿಸುವುದಕ್ಕೂ ನೋಡುವುದಕ್ಕೂ ನಿಂತರು. 17 ನಿಮಿಷಗಳ ಮೇಲೆ ಪಶ್ಚಿಮಭಾಗವು ಬಿತ್ತು. ಆಗ ಓಡಿದವರಲ್ಲಿ ಹಲವರು, ಎತ್ತರವಾದುದರಿಂದ ಸುರಕ್ಷಿತವೆಂದೆಣಿಸಿ, ಎದುರಿನ ಡ್ಯೂನಿಬರ್ಗ್ ಎಂಬ ಇಳಿಜಾರನ್ನು ಹತ್ತಿದರು. ಮತ್ತೆ ನಾಲ್ಕು ನಿಮಿಷಗಳಲ್ಲಿ ಆಧಾರ ತಪ್ಪಿದ ನಡುಭಾಗವೆಲ್ಲ ಬಂತು. ಆ ರಾಶಿಯು ನೆಲಕ್ಕೆ ಬಿದ್ದು ನಿಲ್ಲದೆ, ಎದುರಿನ ಇಳಿಜಾರನ್ನು ಸುಮಾರು ನೂರು ಮೀಟರ್ ಏರಿ ಅಲ್ಲಿದ್ದವರನ್ನು ಮುಚ್ಚಿ, ತಿರುಗಿ ಕಣಿವೆಯುದ್ದಕ್ಕೂ ಪ್ರವಾಹದಂತೆ ಹರಿಯಿತು. ಒಟ್ಟು ಸುಮಾರು ಒಂದು ಕೋಟಿ ಘನ ಮೀಟರ್ ಶಿಲೆ. ಉಂಟರ್‌ಟಾಲ್ ಎಂಬ ಕೇರಿ ಇಲ್ಲವಾಯಿತು. ಸತ್ತವರು 114 ಎಂದೂ 115 ಎಂದೂ ಎಣಿಕೆಗಳಲ್ಲಿ ಭೇದವಿದೆ. ಬಹುಪಾಲು ದೇಹಗಳು ದೊರೆಯಲಿಲ್ಲವಾದುದರಿಂದ ಈ ಭೇದವು ಆಶ್ಚರ್ಯವಲ್ಲ.

ಜೂರಿಕ್ ನಗರದ ಭೂಗರ್ಭಶಾಸ್ತ್ರಜ್ಞ ಆಲ್ಬರ್ಟ್ ಹೈಮನು ಎರ್ನ್ಸ್ಟ್ ಬುಸ್ ಎಂಬ ಪಾದ್ರಿಯೊಡನೆ ಸಾಕ್ಷಿಗಳನ್ನು ವಿಚಾರಿಸಿ, ಅದೇ ವರ್ಷ ಒಂದು ಗ್ರಂಥವನ್ನು ಪ್ರಕಟಿಸಿದನು. ಒಣಗಲ್ಲು ದ್ರವದಂತೆ ಹರಿಯಿತೆಂಬುದೇ ಅದರ ಅಪೂರ್ವ ಪ್ರತಿಪಾದನೆ. ಅದು ಹೇಗೆಂಬುದರಲ್ಲಿ ವಿವಾದವುಂಟು. ಕೆಳಗೆ ಸಿಕ್ಕಿಬಿದ್ದ ಗಾಳಿಯ ಮೇಲೆ ತೇಲಿತೆಂದು ಒಂದು ಪಕ್ಷ. 1975ರಲ್ಲಿ ಹೈಮನ ಮತವನ್ನು ಪುನರುದ್ಧಾರಮಾಡಿದ ಕೆನೆತ್ ಶ್ಯೂ, ತುಂಡುಗಳ ಪರಸ್ಪರ ಸಂಘಟ್ಟನೆಯಿಂದಲೇ ಚಲನೆ ಸಾಗಿತೆಂದು ಇನ್ನೊಂದು ಪಕ್ಷವನ್ನು ಹಿಡಿದನು. ದುರಂತವನ್ನು ಕಂಡ ಸಾಮಾನ್ಯ ಜನರ ಮಾತು ಇಂದಿಗೂ ಶಾಸ್ತ್ರಕ್ಕೆ ಪ್ರಮಾಣವಾಗಿ ನಿಂತಿದೆಯೆಂಬುದು ಇಲ್ಲಿ ವಿಶೇಷ.

ಇನ್ನು ಕಾರಣವನ್ನು ವಿಂಗಡಿಸಬಹುದು. ಒಡಕು ಶಿಲೆಯ ಬೆಟ್ಟವು ಉಪಾದಾನ, ಮಳೆಯು ಸಹಕಾರಿ, ಗಣಿಯ ಕೊರೆಯು ನಿಮಿತ್ತ. ಮೊದಲಿನ ಎರಡನ್ನು ಮಾತ್ರ ಹಿಡಿದು ಇದನ್ನು ದೈವೋಪಪ್ಲವವೆನ್ನುವುದು ಯುಕ್ತವಲ್ಲ. ಹಾಗೆಂದು ಗಣಿಕಾರರನ್ನು ಲೋಭಿಗಳೆಂದು ನಿಂದಿಸುವುದೂ ಸುಲಭವಾದ ಮಾತು. ಸತ್ತವರೂ ಆ ಗಣಿಯಿಂದ ಅನ್ನವನ್ನುಂಡ ಅದೇ ಗ್ರಾಮದವರು. ಸ್ವಿಸ್ ಲೇಖಕ ಫ್ರಾನ್ಸ್ ಹೋಲರ್ 1998ರಲ್ಲಿ ಈ ವೃತ್ತಾಂತವನ್ನು ಏಳು ವರ್ಷದ ಬಾಲಿಕೆಯೊಬ್ಬಳ ಕಣ್ಣಿನಿಂದ ಕಥೆಯಾಗಿ ಬರೆದಿದ್ದಾನೆ.

ಗ್ರಾಮವು ಸ್ಥಳವನ್ನು ಬಿಡಲಿಲ್ಲ. ಕಲ್ಲುರಾಶಿಯ ಮೇಲೆ ಮಣ್ಣನ್ನು ಹರಡಿ ಮತ್ತೆ ಹುಲ್ಲುಗಾವಲನ್ನು ಮಾಡಿಕೊಂಡರು. ಹಳೆಯ ಮರದ ಮನೆಗಳನ್ನು ಕಾಪಾಡಿದ್ದಕ್ಕಾಗಿ ಸರಿಯಾಗಿ ನೂರು ವರ್ಷಗಳ ತರುವಾಯ, 1981ರಲ್ಲಿ, ಎಲ್ಮಿಗೆ ವಾಕರ್ ಪಾರಿತೋಷಕವು ದೊರೆಯಿತು. 2011ರಿಂದ ಅದು ದಕ್ಷಿಣ ಗ್ಲಾರಸ್ ಪುರಸಭೆಯ ಭಾಗವಾಗಿದೆ. ಸ್ಲೇಟು ಹಲಗೆಗಳನ್ನು ಮಾಡುವ ಕಾರ್ಖಾನೆಯೊಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ಅಲ್ಲಿ ನಡೆಯುತ್ತಿದ್ದು, ಈಗ ವಸ್ತುಸಂಗ್ರಹಾಲಯವಾಗಿದೆ.