ಕರು ಹಾಕಿದ ಹಸು ಹಿಂಡಿ ಬಿಟ್ಟರೆ



"ಸ್ವಾಮಿ, ಹಸು ಕರು ಹಾಕಿ ಇಪ್ಪತ್ತು ದಿನ ಆಯ್ತು. ಹೊತ್ತಿಗೆ ಏಳೆಂಟು ಲೀಟರ್ ಕೊಡ್ತಿತ್ತು. ಈಗ ಹಿಂಡಿ-ಬೂಸಾ ಮೂಸಿ ಮುಖ ತಿರುಗಿಸುತ್ತೆ, ಒಣಹುಲ್ಲು ಮಾತ್ರ ತಿನ್ನುತ್ತೆ. ಹಾಲು ಅರ್ಧಕ್ಕಿಳೀತು. ಯಾರ ಕಣ್ಣು ಬಿತ್ತೋ!" ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮಿಶ್ರತಳಿ ಹಸು ಕಟ್ಟಿದವರಿಗೆ ಈ ಮಾತು ಹೊಸದಲ್ಲ. ಇದು ಕಣ್ಣು ಬಿದ್ದದ್ದಲ್ಲ. ಇದು ಕೀಟೋಸಿಸ್ ಎಂಬ ಕಾಯಿಲೆ ಇರಬಹುದು. ಇದರ ಬೇರು ಯಕೃತ್ತಿನಲ್ಲಿ, ಅಂದರೆ ಡಾಕ್ಟರು ಲಿವರ್ ಎನ್ನುವ ಅಂಗದಲ್ಲಿದೆ.

ಒಂದು ಲೀಟರ್ ಹಾಲು ಕಟ್ಟಲು ರಕ್ತದಿಂದ ಸುಮಾರು 70 ಗ್ರಾಂ ಸಕ್ಕರೆ ಬೇಕು. 15 ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಒಂದು ಕಿಲೋಗೂ ಮಿಕ್ಕಿ ಆಯಿತು. ಎರಡು ಮೂರು ಲೀಟರ್ ಕೊಡುವ ನಾಟಿ ಹಸುವಿಗೆ ಈ ಹೊರೆಯಿಲ್ಲ. ಕರು ಹಾಕಿದ ಹೊಸದರಲ್ಲಿ ಹಾಲು ಏರಿದಷ್ಟು ಬೇಗ ಹಸಿವು ಏರುವುದಿಲ್ಲ. ಆಗ ಹಸು ಮೈಯ ಕೊಬ್ಬನ್ನು ಕರಗಿಸುತ್ತದೆ.

ಕರಗಿಸುವ ಕೆಲಸ ಕಿಣ್ವಗಳದು. ಕಿಣ್ವ ಏನಪ್ಪಾ ಅಂದರೆ, ಮೊಳಕೆ ಕಟ್ಟಿದ ರಾಗಿ ಸಿಹಿಯಾಗುತ್ತದಲ್ಲ, ಕಾಳಿನ ಪಿಷ್ಟವನ್ನು ಸಕ್ಕರೆ ಮಾಡಿದ್ದು ಒಂದು ಕಿಣ್ವವೇ. ಕೊಬ್ಬಿಗೂ ಹಾಗೆಯೇ ಲೈಪೇಸ್ ಎಂಬ ಕಿಣ್ವವಿದೆ. ರಕ್ತದಲ್ಲಿ ಸಕ್ಕರೆ ಸಾಕಷ್ಟಿದ್ದರೆ ಅದು ಹಿಡಿತದಲ್ಲಿರುತ್ತದೆ. ಸಕ್ಕರೆ ಇಳಿದರೆ ಕೊಬ್ಬನ್ನು ಒಡೆದು ರಕ್ತಕ್ಕೆ ಬಿಡುತ್ತದೆ. ಆ ಕೊಬ್ಬು ಯಕೃತ್ತಿಗೆ ಬರುತ್ತದೆ. ಅಲ್ಲಿ ಇನ್ನೊಂದು ಕಿಣ್ವ ಕೊಬ್ಬು ಉರಿಯುವ ಒಲೆಯ ಬಾಗಿಲು ಕಾಯುತ್ತದೆ. ಸಕ್ಕರೆ ಕಡಿಮೆಯಾದರೆ ಆ ಬಾಗಿಲೂ ತೆರೆಯುತ್ತದೆ. ಆದರೆ ಒಲೆಗೆ ಬೇಕಾದ ಸಾಮಗ್ರಿ ಆಗಲೇ ಸಕ್ಕರೆ ತಯಾರಿಕೆಗೆ ಖರ್ಚಾಗಿರುತ್ತದೆ. ಹಸಿ ಸೌದೆ ಹೊಗೆಯಾಡಿದಂತೆ, ಪೂರ್ತಿ ಉರಿಯದ ಕೊಬ್ಬು ಕೀಟೋನ್ ಆಗಿ ರಕ್ತ ಸೇರುತ್ತದೆ. ಮಿಕ್ಕದ್ದು ಯಕೃತ್ತಿನಲ್ಲೇ ತುಂಬುತ್ತದೆ; ಅದನ್ನು ಹೊರಗೆ ಸಾಗಿಸುವುದರಲ್ಲಿ ಹಸುವಿನ ಯಕೃತ್ತು ನಿಧಾನ.

ಹಸು ಹಿಂಡಿ ಬಿಟ್ಟು, ಹಾಲು ಇಳಿದು, ಬೇಗ ಸೊರಗಿ, ಉಸಿರು ಕಳಿತ ಹಣ್ಣಿನಂತೆ ವಾಸನೆ ಬಂದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಅವರು ರಕ್ತನಾಳಕ್ಕೆ ಗ್ಲೂಕೋಸ್ ಕೊಡುತ್ತಾರೆ, ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಹಾಕಿಸುತ್ತಾರೆ. ಬೆಲ್ಲ ತಿನ್ನಿಸಿ ಕಾಯುತ್ತ ಕೂರಬೇಡಿ. ಬೆಲ್ಲದ ಸಕ್ಕರೆ ರಕ್ತಕ್ಕೆ ನೇರವಾಗಿ ಸೇರದು. ಹಸುವಿನ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಮೊದಲೇ ಅದನ್ನು ಹುಳಿ ಮಾಡಿಬಿಡುತ್ತವೆ.

ಬಾರದಂತೆ ತಡೆಯುವುದೇ ಲಾಭ. ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸಿ. ಆ ಕಾಲದಲ್ಲಿ ಹಸು ಬಡಕಲಾಗಬಾರದು, ವಿಪರೀತ ಕೊಬ್ಬಲೂ ಬಾರದು. ಬಾಲದ ಬುಡದಲ್ಲಿ ಕೊಬ್ಬು ಗಡ್ಡೆ ಕಟ್ಟಿದರೆ ಮಿತಿ ಮೀರಿತೆಂದು ತಿಳಿಯಿರಿ. ಕೊನೆಯ ಮೂರು ವಾರ ಮುಸುಕಿನ ಜೋಳದ ನುಚ್ಚು, ಹಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ. ಕರು ಹಾಕಿದ ಮೇಲೂ ಹಾಗೆಯೇ. ಒಮ್ಮೆಲೇ ಸುರಿದರೆ ಹೊಟ್ಟೆ ಕೆಡುತ್ತದೆ. ಒಳ್ಳೆಯ ಹಸಿಮೇವು, ನೀರು ಸದಾ ಇರಲಿ.

ಕಿಣ್ವ ಕಣ್ಣಿಗೆ ಕಾಣದು. ಆದರೆ ಅದರ ಕಡಿವಾಣ ನೀವು ಹಾಕುವ ಮೇವಿನಲ್ಲಿದೆ.