ಡೆನಿಸ್‌ನ ಗುಡುಗು

ತಂಗಿಯ ನಿಶ್ಚಿತಾರ್ಥದ ದಿನವೇ ಅಣ್ಣ ತನಗೆ ವಿದೇಶದಲ್ಲಿ ಕೆಲಸ ಸಿಕ್ಕ ಸುದ್ದಿಯನ್ನು ಎಲ್ಲರೆದುರು ಹೇಳಿಬಿಟ್ಟರೆ ಬಂದ ನೆಂಟರೆಲ್ಲ ಅವನ ಸುತ್ತ ಸೇರುತ್ತಾರೆ. ವಿರೋಧ ಪಕ್ಷ ಪ್ರಣಾಳಿಕೆಯಲ್ಲಿ ಹೇಳಬೇಕೆಂದಿದ್ದ ಯೋಜನೆಯನ್ನು ಸರ್ಕಾರ ಒಂದು ವಾರ ಮೊದಲೇ ಘೋಷಿಸಿದರೆ ಆ ಪಕ್ಷಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಈ ಎರಡು ಸಂದರ್ಭಕ್ಕೂ ಇಂಗ್ಲಿಷಿನಲ್ಲಿ ಒಂದೇ ನುಡಿಗಟ್ಟು: ‘ಸ್ಟೀಲಿಂಗ್ ಥಂಡರ್’, ಅಂದರೆ ಇನ್ನೊಬ್ಬರ ಗುಡುಗನ್ನು ಕದಿಯುವುದು. ಕವಿಯೊಬ್ಬ ಕಲ್ಪಿಸಿಕೊಂಡ ರೂಪಕದಂತೆ ಕೇಳಿಸುತ್ತದೆ. ಆದರೆ ಇದರ ಹಿಂದೆ ಕಿವಿಗೆ ಕೇಳಿಸಿದ ಗುಡುಗೇ ಇದೆ, ಅದು ನನ್ನದು ಎಂದು ಕೂಗಿದ ಮನುಷ್ಯನೂ ಇದ್ದಾನೆ.

ಅವನ ಹೆಸರು ಜಾನ್ ಡೆನಿಸ್. ಲಂಡನ್ನಿನಲ್ಲಿ ಕುದುರೆ ಜೀನು ಮಾಡುವವನ ಮಗ. ಓದಿ ಬರೆದು ತನ್ನ ಕಾಲದ ದೊಡ್ಡ ವಿಮರ್ಶಕನಾದ. ಒರಟು ಮಾತು, ಮೂಗಿನ ತುದಿಯಲ್ಲೇ ಕೋಪ. 1709ರಲ್ಲಿ ಅವನ ‘ಆ್ಯಪಿಯಸ್ ಅಂಡ್ ವರ್ಜೀನಿಯಾ’ ಎಂಬ ದುರಂತ ನಾಟಕ ಡ್ರೂರಿ ಲೇನ್ ರಂಗಮಂದಿರದಲ್ಲಿ ತೆರೆ ಕಂಡಿತು. ಅಧಿಕಾರಸ್ಥನ ಕಾಮಕ್ಕೆ ಬಲಿಯಾಗದಿರಲೆಂದು ತಂದೆಯೇ ಮಗಳನ್ನು ಕೊಲ್ಲುವ ಹಳೆಯ ರೋಮನ್ ಕಥೆ ಅದು. ಈ ನಾಟಕಕ್ಕಾಗಿ ಡೆನಿಸ್ ಗುಡುಗಿನ ಸದ್ದು ಹೊರಡಿಸುವ ಹೊಸ ವಿಧಾನವೊಂದನ್ನು ರೂಪಿಸಿದನೆಂದು ಹೇಳುತ್ತಾರೆ.

ಗುಡುಗು ಆಗಿನ ರಂಗಭೂಮಿಯಲ್ಲಿ ಸಣ್ಣ ವಿಷಯವಾಗಿರಲಿಲ್ಲ. ದೇವರು ಮುನಿದರೆ, ರಾಜ ಸತ್ತರೆ, ಮಾಟಗಾತಿಯರು ಬಂದರೆ ಅದು ಬೇಕೇ ಬೇಕು. ಷೇಕ್ಸ್‌ಪಿಯರನ ಕಾಲದಲ್ಲಿ ಕಬ್ಬಿಣದ ಗುಂಡುಗಳನ್ನು ಹಲಗೆಯ ಮೇಲೆ ಉರುಳಿಸುತ್ತಿದ್ದರು. ಉರುಳುವ ಗುಂಡಿನಿಂದ ಪ್ರೇಕ್ಷಕರನ್ನು ಹೆದರಿಸುವ ಈ ಪದ್ಧತಿಯನ್ನು ಬೆನ್ ಜಾನ್ಸನ್ ತನ್ನ ನಾಟಕವೊಂದರ ಪೀಠಿಕೆಯಲ್ಲೇ ಹೀಯಾಳಿಸಿದ್ದಾನೆ. ಸಾಸಿವೆ ಅರೆಯುವಂಥ ದೊಡ್ಡ ಬೋಗುಣಿಯಲ್ಲಿ ಗುಂಡು ತಿರುಗಿಸುವುದು ಇನ್ನೊಂದು ಕ್ರಮ. ಮುಂದೆ ಮರದ ದೋಣಿಗಳು ಬಂದವು. ದೋಣಿಯೊಳಗೆ ಅಲ್ಲಲ್ಲಿ ತಡೆ ಕೊಟ್ಟಿರುತ್ತಿದ್ದರು. ಗುಂಡು ಉರುಳುವಾಗ ಗುಡುಗುಡು ಸದ್ದು, ತಡೆಗೆ ಬಡಿದು ಹಾರಿದಾಗ ಸಿಡಿಲಿನ ಸದ್ದು. 1766ರಲ್ಲಿ ತೆರೆದ ಬ್ರಿಸ್ಟಲ್‌ನ ಓಲ್ಡ್ ವಿಕ್ ರಂಗಮಂದಿರದ ಮಾಡಿನಲ್ಲಿ ಅಂಥ ಮರದ ದೋಣಿ ಈಗಲೂ ಇದೆ.

ಡೆನಿಸ್‌ನ ನಾಟಕ ನಾಲ್ಕೇ ರಾತ್ರಿ ನಡೆಯಿತು. ನಾಟಕಕಾರನಿಗೆ ಸಿಗುತ್ತಿದ್ದುದು ಮೂರನೆಯ ರಾತ್ರಿಯ ಆದಾಯ. ಅದಕ್ಕಿಂತ ಹೆಚ್ಚು ಬೇಕಿದ್ದರೆ ನಾಟಕ ಇನ್ನಷ್ಟು ದಿನ ಓಡಬೇಕಿತ್ತು. ಹಾಗಾಗಿ ಪ್ರದರ್ಶನ ನಿಂತದ್ದು ಅವನ ಮಾನಕ್ಕಷ್ಟೇ ಅಲ್ಲ, ಹೊಟ್ಟೆಗೂ ಬಿದ್ದ ಏಟು. ಕೆಲಕಾಲದ ನಂತರ ಇನ್ನೊಂದು ನಾಟಕ ನೋಡುತ್ತ ಕುಳಿತಿದ್ದಾಗ ಗುಡುಗು ಮೊಳಗಿತು. ಡೆನಿಸ್ ಎದ್ದು ನಿಂತು ಅದು ತನ್ನ ಗುಡುಗು ಎಂದು ಕೂಗಿದ. ನನ್ನ ನಾಟಕ ಇವರಿಗೆ ಬೇಡ, ನನ್ನ ಗುಡುಗು ಮಾತ್ರ ಬೇಕು ಎಂಬುದು ಅವನ ಸಂಕಟ.

ಅಂದು ನಡೆಯುತ್ತಿದ್ದುದು ‘ಮ್ಯಾಕ್‌ಬೆತ್’ ಎಂದು ಈ ಕಥೆ ಹೇಳುವ ಹಲವರು ಹೇಳುತ್ತಾರೆ. ಆದರೆ ಡೆನಿಸ್ ಬದುಕಿದ್ದಾಗಲೇ ಅಚ್ಚಾದ ಟಿಪ್ಪಣಿಯೊಂದು ಅದು ಹೊಸ ಲೇಖಕನೊಬ್ಬನ ದುರಂತ ನಾಟಕ ಎನ್ನುತ್ತದೆ. ಆ ಟಿಪ್ಪಣಿ ಇರುವುದು ಅಲೆಕ್ಸಾಂಡರ್ ಪೋಪನ ‘ಡನ್ಸಿಯಾಡ್’ ಕಾವ್ಯದ 1729ರ ಆವೃತ್ತಿಯಲ್ಲಿ. ಪೋಪ್ ಡೆನಿಸ್‌ಗೆ ಹಗೆ. 1711ರಲ್ಲೇ ಅವನನ್ನು ‘ಆ್ಯಪಿಯಸ್’ ಎಂದು ಕರೆದು, ಸೋತ ನಾಟಕವನ್ನು ನೆನಪಿಸಿ ಚುಚ್ಚಿದ್ದ. ಡೆನಿಸ್ ಪೋಪನ ಗೂನುಬೆನ್ನನ್ನೇ ಹಳಿದು ಉತ್ತರ ಕೊಟ್ಟಿದ್ದ. ಅದು ತೀರ ಕೀಳು ಮಾತು, ಸಮರ್ಥಿಸಲು ಬರುವುದಿಲ್ಲ. ಒಟ್ಟಿನಲ್ಲಿ ಡೆನಿಸ್‌ನ ಕೂಗು ಉಳಿದದ್ದು ಅವನ ಗೆಳೆಯರಿಂದಲ್ಲ, ಅವನನ್ನು ನಗೆಪಾಟಲು ಮಾಡಲು ಹೊರಟವನಿಂದ.

ಅವನ ದೂರಿಗೆ ಕಾನೂನಿನಲ್ಲಿ ಜಾಗವಿತ್ತೇ? ಲೇಖಕನ ಹಕ್ಕನ್ನು ಮೊದಲ ಬಾರಿಗೆ ಒಪ್ಪಿದ ಬ್ರಿಟನ್ನಿನ ಕಾಯ್ದೆ ಜಾರಿಗೆ ಬಂದದ್ದು 1710ರಲ್ಲಿ, ಅಂದರೆ ನಾಟಕ ಬಿದ್ದ ಮರುವರ್ಷ. ಅದು ಕಾಪಾಡಿದ್ದು ಅಚ್ಚಾದ ಪುಸ್ತಕವನ್ನು. ನೇಪಥ್ಯದಲ್ಲಿ ಹೊರಡುವ ಸದ್ದಿಗೆ ಒಡೆಯನಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಗುಡುಗನ್ನು ಬೇರೆಯವರು ಬಳಸಿದ್ದು ತಪ್ಪಲ್ಲ; ಒಳ್ಳೆಯ ತಂತ್ರ ಎಲ್ಲ ರಂಗಕ್ಕೂ ಸೇರಬೇಕು. ಇದು ಇಂಥವನು ಕಂಡುಕೊಂಡದ್ದು ಎಂದು ಒಬ್ಬರೂ ಹೇಳಲಿಲ್ಲವಲ್ಲ, ತಪ್ಪಿರುವುದು ಅಲ್ಲಿ.

ಡೆನಿಸ್‌ನ ಕೊನೆಯ ದಿನಗಳು ಬಡತನದಲ್ಲಿ ಕಳೆದವು. ಕಣ್ಣೂ ಹೋಗಿತ್ತು. 1733ರ ಡಿಸೆಂಬರಿನಲ್ಲಿ ಅವನ ಸಹಾಯಾರ್ಥ ನಾಟಕವೊಂದನ್ನು ಆಡಿದರು. ಅದಕ್ಕೆ ಪೀಠಿಕೆಯ ಪದ್ಯ ಬರೆದವನು ಅದೇ ಪೋಪ್. ಮರುತಿಂಗಳು ಡೆನಿಸ್ ತೀರಿಕೊಂಡ.

ನುಡಿಗಟ್ಟು ಮಾತ್ರ ಅರ್ಥ ಹಿಗ್ಗಿಸಿಕೊಳ್ಳುತ್ತ ಹೋಯಿತು. ಡೆನಿಸ್ ದೂರಿದ್ದು ತಂತ್ರದ ಕಳವನ್ನು. ಇಂದು ಅದು ಮುಖ್ಯವಾಗಿ ಗಮನದ ಕಳವು. ಇನ್ನೊಬ್ಬ ಹೇಳಬೇಕಾದ್ದನ್ನು ಮೊದಲೇ ಹೇಳಿ ಅವನ ಮಾತಿನ ಬಲ ತೆಗೆಯುವುದೂ ಇದರಲ್ಲಿ ಸೇರಿತು. ಅಮೆರಿಕದ ವಕೀಲರಲ್ಲಿ ಇದೊಂದು ತಂತ್ರವೇ ಆಗಿದೆ: ತನ್ನ ಕಕ್ಷಿದಾರನ ಹಳೆಯ ಅಪರಾಧವನ್ನು ಎದುರು ವಕೀಲ ಬಯಲು ಮಾಡುವ ಮೊದಲೇ ತಾನೇ ಜ್ಯೂರಿಯ ಮುಂದೆ ಹೇಳಿಬಿಡುವುದು. 1993ರಲ್ಲಿ ಮನೋವಿಜ್ಞಾನಿಗಳು ಅಣಕು ಜ್ಯೂರಿಗಳ ಮೇಲೆ ಇದನ್ನು ಪರೀಕ್ಷಿಸಿ, ಹಾಗೆ ಮೊದಲೇ ಹೇಳಿದರೆ ಹಾನಿ ಕಡಿಮೆ ಎಂದು ಕಂಡುಕೊಂಡರು.

ಇಂಗ್ಲಿಷ್ ರಂಗದ ಪರದೆ, ಯಂತ್ರ, ಸದ್ದುಗಳನ್ನು ಪಾರ್ಸಿ ಕಂಪನಿಗಳು ಕಲಿತವು, ಅವರನ್ನು ನೋಡಿ ನಮ್ಮ ಕಂಪನಿ ನಾಟಕಗಳು ಕಲಿತವು. ತಗಡಿನ ಹಾಳೆ ಅಲುಗಾಡಿಸಿ ಗುಡುಗು ತರಿಸುತ್ತಿದ್ದವರು ನಮ್ಮ ಸೈಡ್‌ವಿಂಗಿನಲ್ಲೂ ಇದ್ದರು. ನಟರ ಹೆಸರು ನಮಗೆ ಬಾಯಿಪಾಠ, ತಗಡು ಹಿಡಿದವರ ಹೆಸರು ಗೊತ್ತಿಲ್ಲ. ಇಂದು ನಾಟಕ ಕಟ್ಟುವ ತಂಡಗಳಲ್ಲಿ ಒಂದು ಕೋರಿಕೆ: ಕರಪತ್ರದಲ್ಲಿ ಬೆಳಕು, ಸಂಗೀತದವರ ಜೊತೆಗೆ ಸದ್ದು ಹೊರಡಿಸುವವರ ಹೆಸರನ್ನೂ ಅಚ್ಚು ಹಾಕಿಸಿ.